ಬೆಲ್ ರಾಕ್: ಮುಳುಗುವ ಬಂಡೆ ಮೇಲೆ ಲೈಟ್‌ಹೌಸ್ ಕಟ್ಟಿದ್ದು ಹೇಗೆ?

ಕಾಪು ಟೀಚರ್:
ನನ್ನ ಮಗಳು ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದಾಳೆ. ಮೊನ್ನೆ ನಾವೆಲ್ಲ ಆರ್‌ಬ್ರೋತ್ ಬಂದರಿಗೆ ಹೋಗಿದ್ದೆವು. ದಡದಿಂದ 18 ಕಿಲೋಮೀಟರ್ ಆಚೆ, ಕಡಲಲ್ಲಿ ಕಡ್ಡಿ ನೆಟ್ಟ ಹಾಗೆ ಬೆಲ್ ರಾಕ್ ಲೈಟ್‌ಹೌಸ್ ಕಂಡಿತು. ಉಬ್ಬರ ಬಂದರೆ ಬುಡದ ಬಂಡೆ ಪೂರ್ತಿ ಮುಳುಗುತ್ತದಂತೆ. ನಮ್ಮ ಕಾಪುವಿನದ್ದೂ ಬಂಡೆ ಮೇಲೇ ಇದೆ, ಆದರೆ ಅಲ್ಲಿಗೆ ದಡದಿಂದ ನಡೆದೇ ಹೋಗಬಹುದು. ಇಲ್ಲಿ 200 ವರ್ಷದ ಹಿಂದೆ ಅಡಿಪಾಯ ಹಾಕಿದ್ದು ಹೇಗೆ? ಯಾರಿಗಾದರೂ ಗೊತ್ತಾ?

ಕಾರ್ಕಳದ ಕಲ್ಲುಕೆಲಸ:
ಟೀಚರ್, ನಮ್ಮದು ಕಲ್ಲು ಕೆತ್ತುವ ಮನೆ. ಹಾಗಾಗಿ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಎಂಜಿನಿಯರ್ ರಾಬರ್ಟ್ ಸ್ಟೀವನ್ಸನ್ 1807ರಲ್ಲಿ ಕೆಲಸ ಶುರು ಮಾಡಿದರು. ಇಳಿತದ ಹೊತ್ತಲ್ಲಿ ಸಿಗುತ್ತಿದ್ದದ್ದು ಬರೀ ಎರಡು ಮೂರು ಗಂಟೆ. ಪಿಕಾಸಿ ಬೇಗ ಮೊಂಡಾಗುತ್ತಿತ್ತು. ಅದಕ್ಕೇ ಕುಲುಮೆಯನ್ನೂ ಬಂಡೆಗೇ ತಂದರು. ನೀರು ಏರಿದರೂ ಕಮ್ಮಾರ ಮೊಣಕಾಲುದ್ದ ನೀರಲ್ಲಿ ನಿಂತು ಕಬ್ಬಿಣ ಬಡಿಯುತ್ತಿದ್ದ. ನನಗೆ ಎಂಜಿನಿಯರ್‌ಗಿಂತ ಈ ಕಮ್ಮಾರನೇ ಜಾಸ್ತಿ ನೆನಪಾಗುತ್ತಾನೆ.

ಕಲ್ಲುಗಳನ್ನು ಆರ್‌ಬ್ರೋತ್‌ನಲ್ಲೇ ಕೆತ್ತಿದರು. ಒಂದರ ತಲೆ ಪಕ್ಕದ್ದರ ಕಚ್ಚಿನಲ್ಲಿ ಕೂರಬೇಕು. ಅಲ್ಲೇ ಜೋಡಿಸಿ ನೋಡಿ, ಗುರುತು ಹಾಕಿ, ಆಮೇಲೆ ಹಡಗಿಗೆ ಏರಿಸುತ್ತಿದ್ದರು. ಹೀಗೆ ಕಚ್ಚಿಕೊಂಡಿದ್ದರೆ ಅಲೆಯ ಪೆಟ್ಟು ಒಂದೇ ಕಲ್ಲಿಗೆ ಬೀಳುವುದಿಲ್ಲ, ಇಡೀ ವರಸೆ ತಡೆಯುತ್ತದೆ. ಬುಡದ ಸುಮಾರು 9 ಮೀಟರ್ ಒಳಗೆ ಟೊಳ್ಳೇ ಇಲ್ಲ.

ಮಲ್ಪೆ ದೋಣಿ:
ಅಣ್ಣ, ಅಲ್ಲಿ ಒಮ್ಮೆ ಎಲ್ಲರೂ ಬಂಡೆ ಮೇಲೆ ಸಿಕ್ಕಿಬಿದ್ದಿದ್ದರಂತೆ, ಹೌದಾ?

ಕಾರ್ಕಳದ ಕಲ್ಲುಕೆಲಸ:
ಹೌದು, 1807ರ ಸೆಪ್ಟೆಂಬರ್ 2. ಬಂಡೆ ಮೇಲೆ 32 ಮಂದಿ. ಲಂಗರು ಹಾಕಿದ್ದ ಹಡಗು ಗಾಳಿಗೆ ಕಿತ್ತುಕೊಂಡು ದೂರ ಹೋಯಿತು. ಉಳಿದದ್ದು ಎರಡು ದೋಣಿ. ಒಳ್ಳೆ ಹವೆಯಲ್ಲೂ ಅವು 24 ಜನಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ನೀರು ಏರುತ್ತಿದೆ. ಕೆಲಸಗಾರರು ಉಪಕರಣ ಕೆಳಗಿಟ್ಟು ಸುಮ್ನೆ ಸ್ಟೀವನ್ಸನ್ ಮುಖ ನೋಡುತ್ತಾ ನಿಂತರು. ಸ್ಟೀವನ್ಸನ್ ಮಾತಾಡಲು ಬಾಯಿ ತೆರೆದರೆ ನಾಲಿಗೆ ಒಣಗಿ ಮಾತೇ ಹೊರಡಲಿಲ್ಲ. ಬಂಡೆಯ ಗುಂಡಿಯಲ್ಲಿದ್ದ ಉಪ್ಪು ನೀರನ್ನೇ ಬಗ್ಗಿ ಕುಡಿದರು. ತಲೆ ಎತ್ತುವಷ್ಟರಲ್ಲಿ ಯಾರೋ 'ದೋಣಿ, ದೋಣಿ' ಎಂದು ಕೂಗಿದರು. ಆರ್‌ಬ್ರೋತ್‌ನಿಂದ ಕಾಗದ ತಲುಪಿಸಲು ಒಂದು ದೋಣಿ ಬಂದಿತ್ತು. ಎಲ್ಲರೂ ಬದುಕಿದರು.

ಮಲ್ಪೆ ದೋಣಿ:
ಮೈ ಜುಂ ಅಂದಿತು. ನೀರು ಏರುವಾಗ ಕಾಲಡಿಯ ಬಂಡೆ ಸಣ್ಣದಾಗುವುದನ್ನು ನಾವೂ ಕಂಡವರೇ ಅಲ್ವಾ.

ಕಾಪು ಟೀಚರ್:
ತುಂಬಾ ಥ್ಯಾಂಕ್ಸ್. ಆವತ್ತು ಕತ್ತಲಾದ ಮೇಲೂ ನಾವು ದಡದಲ್ಲೇ ಇದ್ದೆವು. 5 ಸೆಕೆಂಡಿಗೊಮ್ಮೆ ಬೆಳಕು ಮಿಂಚುತ್ತಿತ್ತು. ಮೊದಲು ಹಚ್ಚಿದ್ದು 1811ರ ಫೆಬ್ರವರಿ 1ಕ್ಕೆ, 1988ರಿಂದ ಅಲ್ಲಿ ಕಾಯುವವರು ಯಾರೂ ಇಲ್ಲ ಎಂದು ಮಗಳು ಹೇಳಿದಳು. ಭಾನುವಾರ ಮೊಮ್ಮಗನನ್ನೂ ಕರೆದುಕೊಂಡು ಹೋಗುತ್ತೇನೆ. ಕಮ್ಮಾರನ ಕಥೆ ಅಲ್ಲೇ ನಿಂತು ಹೇಳಬೇಕು.