ಅಕ್ಕಾ, ಇನೆಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ

ಅಕ್ಕಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಅಡುಗೆ ಮಾಡಿಕೊಂಡೇ ಕೇಳು.

ಕ್ಯೋಟೋ ನೋಡಿ ಮುಗಿದ ಮೇಲೆ ನೀನು, ಭಾವ ಇಬ್ಬರೇ ಎರಡು ದಿನ ಸಮುದ್ರದ ಪಕ್ಕ ಸುಮ್ನೆ ಇರಬೇಕು, ಗದ್ದಲ ಇರಬಾರದು, ಊಟಕ್ಕೆ ಮೀನು ಆಗೋದಿಲ್ಲ. ಇಷ್ಟು ತಾನೇ ನೀನು ಕೇಳಿದ್ದು? ಚಿಕ್ಕಪ್ಪ ಕಾಮಾಕುರಾ ಅಂದಿದ್ದಾರೆ. ಚೆನ್ನಾಗಿದೆ ಚಿಕ್ಕಪ್ಪ, ಆದರೆ ಅದು ಟೋಕಿಯೊ ಪಕ್ಕದ ಊರು. ರಜೆ ಬಂದರೆ ಅರ್ಧ ಟೋಕಿಯೊ ಅಲ್ಲೇ ಇರುತ್ತದೆ. ನಾನಾದರೆ ಇನೆ ಅನ್ನೋ ಮೀನುಗಾರರ ಊರು ಅಂತೀನಿ. ಅದೂ ಕ್ಯೋಟೋ ಪ್ರಾಂತ್ಯದ್ದೇ. ಕ್ಯೋಟೋ ಅಂದರೆ ನಮಗೆ ದೇವಸ್ಥಾನಗಳ ಊರು ಮಾತ್ರ ನೆನಪಾಗುತ್ತದೆ, ಆದರೆ ಆ ಪ್ರಾಂತ್ಯ ಉತ್ತರಕ್ಕೆ ಜಪಾನ್ ಸಮುದ್ರದವರೆಗೂ ಚಾಚಿಕೊಂಡಿದೆ.

ಇನೆಯಲ್ಲಿ ಏನಿದೆ ಅಂದರೆ, ಫುನಾಯಾ. ದೋಣಿಮನೆಗಳು. ಕೊಲ್ಲಿಯ ಸುತ್ತ ಸುಮಾರು 5 ಕಿಲೋಮೀಟರ್ ಉದ್ದಕ್ಕೆ 230ರಷ್ಟು ಮರದ ಮನೆಗಳು ನೀರಿಗೆ ತಾಗಿಕೊಂಡೇ ನಿಂತಿವೆ. ಕೆಳಗೆ ದೋಣಿ, ಬಲೆ. ಮೇಲೊಂದು ಕೋಣೆ. ಕೆಳಗಿನ ನೆಲ ಸಮುದ್ರದ ಕಡೆಗೆ ಇಳಿಜಾರಾಗಿದೆ, ದೋಣಿಯನ್ನು ಹಾಗೇ ಮನೆಯೊಳಗೆ ಎಳೆದುಕೊಳ್ಳಬಹುದು. ಮನೆಯವರು ಉಣ್ಣೋದು, ಮಲಗೋದು ಹೆಚ್ಚಾಗಿ ರಸ್ತೆಯ ಆಚೆ ಬದಿಯ ದೊಡ್ಡ ಮನೆಯಲ್ಲಿ. ಮಧ್ಯದ ಆ ರಸ್ತೆಯೂ ಹಳೆಯದೇನಲ್ಲ, 1930ರ ದಶಕದಲ್ಲಿ ಮಾಡಿದ್ದು. ಅದಕ್ಕೂ ಮೊದಲು ಪಕ್ಕದ ಕೇರಿಗೆ ಹೋಗೋಕೂ ದೋಣಿಯೇ.

ಸಮುದ್ರಕ್ಕೆ ಇಷ್ಟು ಹತ್ತಿರ ಮನೆ ಕಟ್ಟಿದರೆ ಕೊಚ್ಚಿಕೊಂಡು ಹೋಗೋದಿಲ್ವಾ ಅಂತ ಭಾವ ಕೇಳೇ ಕೇಳ್ತಾರೆ, ಎಂಜಿನಿಯರ್ ಅಲ್ವಾ. ಭಾವಾ, ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಹೆಚ್ಚೆಂದರೆ ಅರ್ಧ ಮೀಟರ್. ನಮ್ಮ ಕಾರವಾರ, ಮಲ್ಪೆ ಕಡೆ ಇದಕ್ಕಿಂತ ಎಷ್ಟೋ ಜಾಸ್ತಿ. ಮೂರು ಕಡೆ ಬೆಟ್ಟ, ಕೊಲ್ಲಿ ದಕ್ಷಿಣಕ್ಕೆ ತೆರೆದುಕೊಂಡಿದೆ, ಬಾಯಿಗೆ ಅಡ್ಡವಾಗಿ ಆವೋಶಿಮಾ ಅನ್ನೋ ದ್ವೀಪ ಕೂತಿದೆ. ದೊಡ್ಡ ಅಲೆ ಒಳಗೆ ಬರೋದೇ ಕಷ್ಟ. 2005ರಲ್ಲಿ ಸರ್ಕಾರ ಇಡೀ ಕೇರಿಯನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇನೆಯನ್ನು ಬಹಳ ಜನ ಕ್ಯೋಟೋ ಅಥವಾ ಒಸಾಕಾದಿಂದ ಬಸ್ಸಿನಲ್ಲಿ ಬಂದು ನೋಡುತ್ತಾರೆ. ದೋಣಿಯಲ್ಲಿ ಒಂದು ಸುತ್ತು, ನಾಲ್ಕು ಫೋಟೋ, ವಾಪಸ್. ಹಾಗಿದ್ದರೆ ಹೋಗಲೇಬೇಡಿ ಅಂತೀನಿ. ನಡು ಮಧ್ಯಾಹ್ನ ಆ ಕಿರಿದಾದ ರಸ್ತೆಯಲ್ಲಿ ಕಾರು, ಸೆಲ್ಫಿ ಕೋಲು ಎಲ್ಲಾ ಸೇರಿ ನೀನು ಕೇಳಿದ ಶಾಂತಿ ಎಲ್ಲೂ ಕಾಣೋದಿಲ್ಲ. ಸಂಜೆ ಅವರೆಲ್ಲ ಹೊರಟರು ಅಂದರೆ ಅದೇ ಊರು ಬೇರೆ ಆಗುತ್ತದೆ. ಕೆಲವು ಫುನಾಯಾಗಳನ್ನು ಈಗ ಅತಿಥಿಗಳಿಗೆ ಕೊಡುತ್ತಾರೆ. ಮಹಡಿಯ ಕಿಟಕಿ ತೆಗೆದರೆ ಕೆಳಗೇ ನೀರು. ನಾವು ಹೋದಾಗ ನಮ್ಮವರು ಬೆಳಗಿನ ಜಾವ ಮೀನಿನ ದೋಣಿ ಹೊರಡೋ ಸದ್ದಿಗೆ ಎದ್ದು ಕಿಟಕಿಯಲ್ಲಿ ಕೂತವರು ತಿಂಡಿಯ ತನಕ ಏಳಲಿಲ್ಲ. ಫೋನೂ ಮುಟ್ಟಲಿಲ್ಲ. ಅವರ ಸಂಗತಿ ನಿನಗೆ ಗೊತ್ತಲ್ಲ!

ಬಾಡಿಗೆ ಜಾಸ್ತಿಯೇ, ಮೊದಲೇ ಹೇಳಿಬಿಡುತ್ತೇನೆ. ಕೋಣೆಗಳೂ ಕಡಿಮೆ, ಶನಿವಾರ ಬೇಗ ತುಂಬಿಬಿಡುತ್ತದೆ. ವಾರದ ಮಧ್ಯೆ ನೋಡು.

ಊಟದ ವಿಷಯ ಗಮನವಿಟ್ಟು ಕೇಳು. ಅದು ಮೀನುಗಾರರ ಊರು, ಚಳಿಗಾಲದ ಬುರಿ ಮೀನಿಗೆ ಹೆಸರುವಾಸಿ. ಮೀನು ಬೇಡ ಅಂದರೂ ಸಾರಿನಲ್ಲಿ ದಾಶಿ ಇರುತ್ತದೆ, ಅಂದರೆ ಒಣಮೀನು ಕುದಿಸಿದ ನೀರು. ಮಿಸೋ ಸಾರು, ಬೇಯಿಸಿದ ತರಕಾರಿ, ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಅದಕ್ಕೇ ಊಟ ಇಲ್ಲದೆ ಕೋಣೆ ಮಾತ್ರ ಕೊಡೋ ಮನೆ ಹುಡುಕು, ಅಡುಗೆಮನೆ ಇದ್ದರೆ ಇನ್ನೂ ಒಳ್ಳೆಯದು. ಅಕ್ಕಿ, ತೋಫು, ತರಕಾರಿ, ಹಣ್ಣು ಕ್ಯೋಟೋದಲ್ಲೇ ಕೊಂಡುಕೋ. ಸಂಜೆ ಆದ ಮೇಲೆ ಇನೆಯಲ್ಲಿ ಅಂಗಡಿ ಹುಡುಕಬೇಡ. ಬಿಸಿನೀರು ಹಾಕಿದರೆ ಆಗೋ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ ನಾಲ್ಕು ಇಟ್ಟುಕೋ. ಚಿಕ್ಕಮ್ಮಾ, ನೀವು ಕರಿಬೇವು, ಮಾವಿನಕಾಯಿ ತುಂಬಿ ಕಳಿಸಬೇಡಿ. ಹಸಿ ಎಲೆ, ಹಣ್ಣನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಹೋಗೋದು ಹೇಗೆ? ಕ್ಯೋಟೋದಿಂದ ಹಾಶಿದಾತೆ ಅನ್ನೋ ರೈಲು, ಅಮಾನೋಹಾಶಿದಾತೆಗೆ ಸುಮಾರು ಎರಡು ಗಂಟೆ. ಅಲ್ಲಿಂದ ಬಸ್ಸು, ಒಂದು ಗಂಟೆ. ಇಡೀ ಜಪಾನಿಗೆ ಕೊಡೋ ರೈಲ್ ಪಾಸ್ ಫುಕುಚಿಯಾಮಾವರೆಗೆ ಮಾತ್ರ ನಡೆಯುತ್ತದೆ, ಅಲ್ಲಿಂದಾಚೆ ಬೇರೆ ಕಂಪನಿಯ ಹಳಿ, ಬೇರೆ ದುಡ್ಡು. ಕ್ಯೋಟೋ, ಒಸಾಕಾ ಭಾಗಕ್ಕೆ ಕೊಡೋ ಕನ್ಸಾಯ್ ವೈಡ್ ಪಾಸ್ ಆದರೆ ಪೂರ್ತಿ ನಡೆಯುತ್ತದೆ. ಕಾರು ಓಡಿಸೋಣ ಅಂತ ಭಾವನಿಗೆ ಆಸೆ ಇದ್ದರೆ ಇಲ್ಲಿಂದಲೇ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಲಿ, ಅಲ್ಲೂ ನಮ್ಮ ಹಾಗೇ ಎಡಗಡೆಯ ಓಡಾಟ. ಆದರೆ ಇನೆಯೊಳಗೆ ಎದುರಿಗೆ ಬಸ್ಸು ಬಂದರೆ ಬೆವರು ಬರುತ್ತದೆ ಭಾವಾ.

ದಾರಿಯಲ್ಲಿ ಸಿಗೋ ಅಮಾನೋಹಾಶಿದಾತೆಗೆ ಅರ್ಧ ದಿನ ಸಾಕು. 3.6 ಕಿಲೋಮೀಟರ್ ಉದ್ದದ ಮರಳುಪಟ್ಟಿ, ತುಂಬಾ ಪೈನ್ ಮರ, ಸೈಕಲ್ ಬಾಡಿಗೆಗೆ ಸಿಗುತ್ತದೆ. ಬೆಟ್ಟ ಹತ್ತಿ, ಬಗ್ಗಿ, ಕಾಲುಗಳ ಮಧ್ಯದಿಂದ ತಲೆಕೆಳಗಾಗಿ ನೋಡಬೇಕು, ಆಗ ಮರಳುಪಟ್ಟಿ ಆಕಾಶಕ್ಕೆ ಹಾಕಿದ ಸೇತುವೆ ಥರ ಕಾಣುತ್ತದೆ ಅಂತಾರೆ. ಸೊಂಟ ನೋವಿದ್ದವರು ನೆಟ್ಟಗೆ ನಿಂತು ನೋಡಿದರೂ ನಷ್ಟವಿಲ್ಲ. ನನಗೆ ಅದಕ್ಕಿಂತ ಇಷ್ಟ ಆದದ್ದು ಸ್ಟೇಷನ್ ಹತ್ತಿರದ ಚಿಯೋನ್‌ಜಿ ದೇವಾಲಯ. ಅಲ್ಲಿನ ದೇವರು ಮೊಂಜು, ಅಂದರೆ ನಮ್ಮ ಬೌದ್ಧರ ಮಂಜುಶ್ರೀ, ವಿದ್ಯೆಯ ದೇವರು. ಬಾಗಿಲ ಮುಂದಿನ ಅಂಗಡಿಗಳಲ್ಲಿ ಬುದ್ಧಿಯ ಮೋಚಿ ಅಂತ ಮಾರುತ್ತಾರೆ, ಅಕ್ಕಿಯ ಮೆತ್ತನೆ ಉಂಡೆ, ಮೇಲೆ ಕೆಂಪು ಕಾಳಿನ ಸಿಹಿ ಹೂರಣ. ಅದರಲ್ಲಿ ಮೀನಿಲ್ಲ, ನೆಮ್ಮದಿಯಾಗಿ ತಿನ್ನು.

ಇನೆಯಲ್ಲಿ ಮಾಡೋಕೆ ಹೆಚ್ಚೇನೂ ಇಲ್ಲ, ಅದೇ ಅದರ ಸೊಗಸು. ಅರ್ಧ ಗಂಟೆಯ ದೋಣಿ ಸುತ್ತಾಟ ಮಾಡಿ. ಸಣ್ಣ ದೋಣಿಯಾದರೆ ಮನೆಗಳ ಹತ್ತಿರಕ್ಕೇ ಹೋಗುತ್ತದೆ. 1754ರಿಂದ ನಡೆಯುತ್ತಿರುವ ಮುಕಾಯ್ ಅನ್ನೋ ಸಾಕೆ, ಅಂದರೆ ಅಕ್ಕಿಯ ಮದ್ಯ, ಮಾಡೋ ಮನೆ ನೀರಿನ ಅಂಚಲ್ಲೇ ಇದೆ. ಆ ಮನೆಯ ಮಗಳೇ ಅಲ್ಲಿ ಮುಖ್ಯ ತಯಾರಕಿ, ಕೆಂಪಕ್ಕಿಯಿಂದ ಗುಲಾಬಿ ಬಣ್ಣದ ಸಾಕೆ ಮಾಡುತ್ತಾಳೆ. ಗ್ರೂಪಿನಲ್ಲಿ ಅಪ್ಪ ಇದ್ದಾರೆ, ಭಾವನಿಗೆ ಇದರ ಬಗ್ಗೆ ಬೇರೆ ಮೆಸೇಜ್ ಕಳಿಸುತ್ತೇನೆ.

ಹಾಂ, ಒಂದು ಮಾತು. ಬಾಗಿಲು ತೆರೆದಿದೆ ಅಂತ ಯಾರದೋ ದೋಣಿಮನೆಯೊಳಗೆ ಇಣುಕಬೇಡಿ. ಅವು ಜನ ಬಳಸೋ ಮನೆಗಳು, ಪ್ರದರ್ಶನಕ್ಕೆ ಇಟ್ಟದ್ದಲ್ಲ. ಅಲ್ಲಿಯವರಿಗೆ ಇದೇ ದೊಡ್ಡ ತಲೆನೋವು.

ಮಳೆ ಬೇರೆ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅನ್ನೋ ಗಾದೆ ಆ ಕಡೆಯದೇ. ಚಳಿಗಾಲಕ್ಕೆ ಹಿಮ ಬೀಳುತ್ತದೆ. ನಿಮಗೆ ಮೇ ಅಥವಾ ಅಕ್ಟೋಬರ್ ಸರಿ, ಆದರೆ ಮೇ ಮೊದಲ ವಾರ ಬಿಟ್ಟುಬಿಡಿ, ಇಡೀ ಜಪಾನಿಗೆ ರಜೆ. ಯಾವ ತಿಂಗಳು ಅಂತ ಇವತ್ತೇ ಭಾವನನ್ನು ಕೇಳಿ ಹೇಳು, ನಾವು ಉಳಿದಿದ್ದ ಮನೆಯವರಿಗೆ ನಾನೇ ಮೇಲ್ ಹಾಕಿ ಅಡುಗೆಮನೆ ಸಿಗುತ್ತಾ ಕೇಳುತ್ತೇನೆ.