ಸುಬೇದಾರ್, ಪೆಟ್ಟಿ ಆಫೀಸರ್, ಸಾರ್ಜೆಂಟ್: ಕನ್ನಡದಲ್ಲಿ ಹೇಗೆ ಬರೆಯೋಣ, ಹೇಗೆ ಕರೆಯೋಣ?

ನಮಸ್ಕಾರ. ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಊರಿನ ಸೈನಿಕರನ್ನು ಕರೆದು ಶಾಲು ಹೊದಿಸುವುದು ನಮ್ಮ ಕಡೆ ಈಗ ರೂಢಿಯಾಗಿದೆ. ಆಮಂತ್ರಣ ಪತ್ರಿಕೆ, ಸನ್ಮಾನ ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆಫೀಸರುಗಳ ವಿಷಯದಲ್ಲಿ ಯಾರೂ ತಡವರಿಸುವುದಿಲ್ಲ. ಕರ್ನಲ್, ಮೇಜರ್, ವಿಂಗ್ ಕಮಾಂಡರ್ ಅಂತ ಸರಿಯಾಗಿಯೇ ಬರೆಯುತ್ತಾರೆ. ಅವರಿಗಿಂತ ಕೆಳಗಿನ ಹುದ್ದೆಯವರು ಬಂದ ಕೂಡಲೇ ಎಲ್ಲರೂ 'ವೀರ ಯೋಧರು' ಆಗಿಬಿಡುತ್ತಾರೆ. ಅವರ ಹುದ್ದೆಯನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ವೇದಿಕೆ ಮೇಲೆ ಹೇಗೆ ಕರೆಯಬೇಕು ಅನ್ನುವುದು ನನ್ನ ಪ್ರಶ್ನೆ.

ಈ ಸಲ ಪ್ರೆಸ್ಸಿನಿಂದ ಬಂದ ಕರಡಿನಲ್ಲಿ ಮೂವರು ಅತಿಥಿಗಳ ಹೆಸರಿತ್ತು. ಒಬ್ಬರು ಭೂಸೇನೆಯಿಂದ ನಿವೃತ್ತರಾದ ಸುಬೇದಾರ್. ಇನ್ನೊಬ್ಬರು ನೌಕಾಸೇನೆಯಲ್ಲಿ ಪೆಟ್ಟಿ ಆಫೀಸರ್ ಆಗಿದ್ದವರು. ಮೂರನೆಯವರು ರಜೆಯಲ್ಲಿ ಬಂದಿರುವ ವಾಯುಸೇನೆಯ ಕಾರ್ಪೊರಲ್. ಮೂವರ ಹೆಸರಿನ ಕೆಳಗೂ ಒಂದೇ ಸಾಲು: 'ಭಾರತೀಯ ಸೇನೆಯ ವೀರ ಯೋಧರು'. ಸುಬೇದಾರರ ಹೆಸರಿಗೆ ಮೊದಲು 'ಮಾಜಿ ಜವಾನರಾದ ಶ್ರೀ' ಅಂತ ಬೇರೆ ಸೇರಿಸಿದ್ದರು.

ಈ 'ಜವಾನ' ಹಿಂದಿಯಿಂದ ಬಂದದ್ದು, ಅಲ್ಲಿ ಸೈನಿಕ ಅಂತಲೇ ಅರ್ಥ. 'ಜೈ ಜವಾನ್ ಜೈ ಕಿಸಾನ್' ಅಂದಾಗ ನಮಗೂ ಹಾಗೇ ಅರ್ಥವಾಗುತ್ತದೆ. ಆದರೆ ಬಿಡಿಯಾಗಿ 'ಮಾಜಿ ಜವಾನರು' ಅಂತ ಬರೆದರೆ ನಮ್ಮ ಜಿಲ್ಲೆಯಲ್ಲಿ ಓದುವವರು ತಾಲ್ಲೂಕು ಕಚೇರಿಯಲ್ಲೋ ಶಾಲೆಯಲ್ಲೋ ಫೈಲು ತಂದುಕೊಡುತ್ತಿದ್ದವರು ಅಂದುಕೊಳ್ಳುತ್ತಾರೆ. ಆ ಕೆಲಸಕ್ಕೂ ಅದರದ್ದೇ ಮರ್ಯಾದೆ ಇದೆ, ಆದರೆ ಇವರು ಮಾಡಿದ್ದು ಬೇರೆ ಕೆಲಸ. 'ಜವಾನ' ಬೇಡ ಅಂತ ನನಗೆ ಖಚಿತವಾಗಿದೆ.

'ಯೋಧ' ಒಳ್ಳೆ ಪದ, ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಹುದ್ದೆಯ ಹೆಸರಲ್ಲ. ಸಿಪಾಯಿಯಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಸುಬೇದಾರ್ ಆಗುವಷ್ಟರಲ್ಲಿ ಮನುಷ್ಯನ ಅರ್ಧ ಆಯಸ್ಸು ಕಳೆದಿರುತ್ತದೆ. ಅವರನ್ನೂ ನಿನ್ನೆ ತರಬೇತಿ ಮುಗಿಸಿದ ಹುಡುಗನನ್ನೂ ಒಂದೇ ಪದದಲ್ಲಿ ಕರೆದರೆ ಆ ದುಡಿಮೆಗೆ ಬೆಲೆಯೇ ಇಲ್ಲದ ಹಾಗಾಗುತ್ತದೆ. 2016ರಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಸಿಕ್ಕಿಕೊಂಡ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯ್ಕ್ ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಬಂದಾಗ 'ಲ್ಯಾನ್ಸ್ ನಾಯ್ಕ್' ಅನ್ನುವ ಮಾತು ಕನ್ನಡದ ಮನೆಮನೆಗೂ ಮುಟ್ಟಿತ್ತು. ಜನಕ್ಕೆ ಹುದ್ದೆಯ ಹೆಸರು ಕಷ್ಟವೇನಲ್ಲ. ನಾವು ಬರೆಯುವವರು ಬರೆಯಬೇಕು, ಅಷ್ಟೇ.

ಭೂಸೇನೆಯ ಮೆಟ್ಟಿಲು ಹೀಗಿದೆ. ಮೊದಲು ಸಿಪಾಯಿ. ತೋಳಿನ ಮೇಲೆ ಒಂದು ಪಟ್ಟಿ ಬಂದರೆ ಲ್ಯಾನ್ಸ್ ನಾಯ್ಕ್, ಎರಡು ಬಂದರೆ ನಾಯ್ಕ್, ಮೂರು ಬಂದರೆ ಹವಾಲ್ದಾರ್. ಅದರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಈ ಮೇಲಿನ ಮೂವರು ಜೂನಿಯರ್ ಕಮಿಷನ್ಡ್ ಆಫೀಸರುಗಳು, ಅಂದರೆ ಜೆಸಿಒಗಳು. ಅವರನ್ನು ಸಿಪಾಯಿಗಳ ಸಾಲಿಗೆ ಸೇರಿಸಿ ಬರೆಯುವುದು ತಪ್ಪು. ಟ್ಯಾಂಕು ದಳಗಳಲ್ಲಿ ಹಳೆಯ ಕುದುರೆ ಸೇನೆಯ ಹೆಸರುಗಳೇ ಉಳಿದುಕೊಂಡಿವೆ. ಅಲ್ಲಿ ಸಿಪಾಯಿ ಬದಲು ಸವಾರ್, ಹವಾಲ್ದಾರ್ ಬದಲು ದಫೇದಾರ್, ಸುಬೇದಾರ್ ಬದಲು ರಿಸಾಲ್ದಾರ್.

ಕೆಳಗಿನ ಮೆಟ್ಟಿಲಿಗೂ ಒಂದೇ ಹೆಸರಿಲ್ಲ. ತೋಪು ದಳದಲ್ಲಿ ಗನ್ನರ್, ಎಂಜಿನಿಯರುಗಳಲ್ಲಿ ಸ್ಯಾಪರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್. ಕಾರ್ಗಿಲ್ ಯುದ್ಧದಲ್ಲಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಆಗ ಗ್ರೆನೇಡಿಯರ್, ಸಂಜಯ್ ಕುಮಾರ್ ರೈಫಲ್‌ಮನ್. ಎರಡೂ ಸಿಪಾಯಿಗೆ ಸಮನಾದ ಹುದ್ದೆ, ರೆಜಿಮೆಂಟ್ ಬೇರೆ. ಬೆಂಗಳೂರಿನ ಹಲಸೂರಿನ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ನಮ್ಮ ಜಿಲ್ಲೆಗಳಿಗೆ ಹತ್ತಿರದ್ದು. ಅಲ್ಲಿಯವರನ್ನು ಸೇನೆಯಲ್ಲಿ ಪ್ರೀತಿಯಿಂದ 'ತಂಬಿ' ಅನ್ನುತ್ತಾರೆ. ಅದು ಅವರವರ ನಡುವಿನ ಮಾತು. ಪತ್ರಿಕೆಯಲ್ಲಿ 'ಸ್ಯಾಪರ್' ಅಂತಲೇ ಬರಲಿ. 'ಸಿಪಾಯಿ' ಅಂದರೆ ಸಣ್ಣ ಮಾತಾಗುತ್ತದೆ ಅಂತ ಕೆಲವರಿಗೆ ಅಳುಕು. ಅಳುಕಬೇಕಾಗಿಲ್ಲ, ಅದು ಅವರ ಹುದ್ದೆಯ ಹೆಸರೇ.

ತೊಡಕು ಇರುವುದು ಇಲ್ಲಿ: ಇವುಗಳಲ್ಲಿ ಅರ್ಧದಷ್ಟು ಪದಗಳು ನಮಗೆ ಹಳೆಯ ಪರಿಚಯದವು, ಆದರೆ ಬೇರೆ ಅರ್ಥದಲ್ಲಿ. ದಫೇದಾರ್ ಅಂದರೆ ಹಳೇ ಮೈಸೂರಿನವರಿಗೆ ಡಿಸಿ ಸಾಹೇಬರ ಹಿಂದೆ ರುಮಾಲು, ಅಡ್ಡಪಟ್ಟಿ ತೊಟ್ಟು ನಡೆಯುವವರು. ಹಿರಿಯರು ಪೊಲೀಸ್ ಹೆಡ್ ಕಾನ್‌ಸ್ಟೆಬಲ್‌ಗೂ ಹಾಗೇ ಅನ್ನುತ್ತಿದ್ದರು. ಜಮೇದಾರ್ ಅನ್ನುವುದು ಸರ್ಕಾರಿ ಕಚೇರಿಯ ಒಂದು ಹುದ್ದೆ. ಸೇನೆಯಲ್ಲೂ ಜಮೇದಾರ್ ಇತ್ತು, 1965ರಲ್ಲಿ ಅದು ನಾಯಬ್ ಸುಬೇದಾರ್ ಆಯಿತು. ಹಾಗಾಗಿ ಹಳೆಯ ಪೋಟೊ ಕೆಳಗೆ 'ಜಮೇದಾರ್' ಅಂತ ಇದ್ದರೆ ಕಚೇರಿಯ ಕೆಲಸದವರು ಅಂತ ತಿಳಿಯಬೇಡಿ.

'ನಾಯ್ಕ್' ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ನಾಯಕ ಅಂದರೆ ಮುಂದಾಳು. ನಾಯಕ, ನಾಯ್ಕ ಎರಡೂ ನಮ್ಮಲ್ಲಿ ಮನೆತನದ, ಸಮುದಾಯದ ಹೆಸರುಗಳೂ ಹೌದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯನ್ನು ಹಳೆಯ ದಾಖಲೆಗಳು 'ಹೈದರ್ ನಾಯಕ್' ಅಂತ ಕರೆಯುತ್ತವೆ. ಆ ನಾಯಕ್ ಕೂಡ ಸೈನ್ಯದ ಹುದ್ದೆಯೇ. ಅಂದರೆ ಪದ ಈ ನೆಲಕ್ಕೆ ಹೊಸದಲ್ಲ. ಹೆಸರಿನ ಕೊನೆಯಲ್ಲಿ ಬಂದರೆ ಮನೆತನ, ಮೊದಲು ಬಂದರೆ ಹುದ್ದೆ ಅಂತ ಓದುಗರಿಗೆ ಗೊತ್ತಾಗಬೇಕಾದರೆ ಬರವಣಿಗೆಯಲ್ಲಿ ಒಂದು ಶಿಸ್ತು ಬೇಕು. ಹುದ್ದೆಯನ್ನು 'ನಾಯ್ಕ್' ಅಂತ, ಯಾವಾಗಲೂ ಹೆಸರಿಗೆ ಮೊದಲೇ ಬರೆಯೋಣ ಅನ್ನುವುದು ನನ್ನ ಸಲಹೆ. 'ಲ್ಯಾನ್ಸ್ ನಾಯಕ' ಅಂತ ಕನ್ನಡೀಕರಿಸಿದರೆ ಗೊಂದಲ ಜಾಸ್ತಿ.

ನೌಕಾಸೇನೆಯಲ್ಲಿ ಸೀಮನ್, ಲೀಡಿಂಗ್ ಸೀಮನ್, ಪೆಟ್ಟಿ ಆಫೀಸರ್, ಚೀಫ್ ಪೆಟ್ಟಿ ಆಫೀಸರ್, ಅದರ ಮೇಲೆ ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್ ಎರಡು ದರ್ಜೆ. ನಮ್ಮ ಕಿವಿಗೆ 'ಪೆಟ್ಟಿ' ಅಂದರೆ ಪೆಟ್ಟಿ ಅಂಗಡಿ, ಪೆಟ್ಟಿ ಕೇಸು. ಅದಕ್ಕೇ ಪ್ರೆಸ್ಸಿನವರು ಅದನ್ನು ತೆಗೆದು ಬರೀ 'ನೌಕಾಸೇನೆ ಆಫೀಸರ್' ಮಾಡಲು ಹೊರಟಿದ್ದರು. ಅದು ಸಲ್ಲದು, ಅದು ಬೇರೆಯೇ ಹುದ್ದೆಯಾಗುತ್ತದೆ. ಪೆಟ್ಟಿ ಆಫೀಸರ್ ಅಂದರೆ ಭೂಸೇನೆಯ ಹವಾಲ್ದಾರಿಗೆ, ವಾಯುಸೇನೆಯ ಸಾರ್ಜೆಂಟಿಗೆ ಸಮ. ಪೂರ್ತಿಯಾಗಿಯೇ ಬರೆಯಬೇಕು. 2023ರ ಡಿಸೆಂಬರ್ 4ರಂದು ಸಿಂಧುದುರ್ಗದಲ್ಲಿ ನಡೆದ ನೌಕಾಸೇನಾ ದಿನದಲ್ಲಿ ಪ್ರಧಾನಿಯವರು ನೌಕಾಸೇನೆಯ ಹುದ್ದೆಗಳಿಗೆ ಭಾರತೀಯ ಪರಂಪರೆಯ ಹೆಸರು ಇಡುವುದಾಗಿ ಹೇಳಿದ್ದರು. ಕರಾವಳಿ ಕಾವಲು ಪಡೆಯಲ್ಲಿ ಅಂಥ ಹೆಸರುಗಳು ಮೊದಲಿನಿಂದಲೇ ಇವೆ: ನಾವಿಕ್, ಉತ್ತಮ್ ನಾವಿಕ್, ಪ್ರಧಾನ್ ನಾವಿಕ್, ಅಧಿಕಾರಿ. ಇಲ್ಲಿ 'ಅಧಿಕಾರಿ' ಅನ್ನುವುದೂ ಒಂದು ನಿರ್ದಿಷ್ಟ ಹುದ್ದೆ, ನಾವು ದಿನಬಳಕೆಯಲ್ಲಿ ಹೇಳುವ ಅಧಿಕಾರಿ ಅಲ್ಲ.

ವಾಯುಸೇನೆಯಲ್ಲಿ ಏರ್‌ಕ್ರಾಫ್ಟ್ಸ್‌ಮನ್, ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್, ಆಮೇಲೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ಪೊಲೀಸರು ತರುವ ವಾರಂಟಿಗೂ ಇದಕ್ಕೂ ಸಂಬಂಧ ಕಲ್ಪಿಸದಿದ್ದರೆ ಸಾಕು. 2022ರಿಂದ ಸೇರುತ್ತಿರುವ ಹುಡುಗರಿಗೆ ಅಗ್ನಿವೀರ್ ಅನ್ನುವುದೇ ಹುದ್ದೆ. ಇನ್ನು ಬಿಎಸ್‌ಎಫ್, ಸಿಆರ್‌ಪಿಎಫ್‌ನವರನ್ನೂ ಊರಲ್ಲಿ ಮಿಲಿಟರಿಯವರು ಅನ್ನುತ್ತೇವೆ. ಅವು ಗೃಹ ಸಚಿವಾಲಯದ ಪಡೆಗಳು, ಅಲ್ಲಿ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್ ಅಂತಲೇ ಬರೆಯಬೇಕು.

ಈಗ ಕರೆಯುವ ವಿಷಯ. ಭೂಸೇನೆಯಲ್ಲಿ ಜೆಸಿಒಗಳನ್ನು 'ಸಾಹೇಬ್' ಅನ್ನದೆ ಮಾತಾಡಿಸುವುದಿಲ್ಲ. ಅವರಿಗಿಂತ ಮೇಲಿನ ಆಫೀಸರುಗಳು ಕೂಡ 'ಸುಬೇದಾರ್ ಸಾಹೇಬ್' ಅಂತಲೇ ಕರೆಯುತ್ತಾರೆ. ಈ ಒಂದು ಸಂಗತಿ ಗೊತ್ತಿದ್ದರೆ ನಮ್ಮ ನಿರೂಪಕರು 'ಯೋಧರೇ, ವೇದಿಕೆಗೆ ಬನ್ನಿ' ಅನ್ನುತ್ತಿರಲಿಲ್ಲ. ಸಾಹೇಬರು ಅನ್ನುವುದು ನಮ್ಮ ಬಾಯಿಗೂ ಒಗ್ಗಿದ ಮಾತು. 'ಸುಬೇದಾರ್ ಸಾಹೇಬರು ಬರಬೇಕು' ಅಂದರೆ ಕನ್ನಡಕ್ಕೂ ಚೆಂದ, ಸೇನೆಯ ಮರ್ಯಾದೆಗೂ ಸರಿ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನವರಿಗೆ ಹುದ್ದೆ, ಹೆಸರು, ಕೊನೆಗೆ 'ಅವರು' ಸಾಕು. ಬರೀ 'ಹವಾಲ್ದಾರರೇ' ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ, ಹೆಸರು ಸೇರಿಸಿದರೆ ಆ ತೊಂದರೆ ಇಲ್ಲ. ಪೆಟ್ಟಿ ಆಫೀಸರ್, ಕಾರ್ಪೊರಲ್ ಇವರಿಗೂ ಹೀಗೇ. ಹುದ್ದೆ ಬರೆದ ಮೇಲೆ 'ಶ್ರೀ' ಬೇಕಾಗಿಲ್ಲ.

ನಿವೃತ್ತರಾದವರಿಗೆ 'ಮಾಜಿ ಸುಬೇದಾರ್' ಅಂತ ಬರೆಯುವುದು ನಮ್ಮಲ್ಲಿ ಸಾಮಾನ್ಯ. ಹುದ್ದೆ ನಿವೃತ್ತಿ ಆಗುವುದಿಲ್ಲ, ಮನುಷ್ಯ ಆಗುತ್ತಾನೆ ಅನ್ನುವುದು ಸೇನೆಯವರ ರೀತಿ. ಹಾಗಾಗಿ 'ಸುಬೇದಾರ್', ಆಮೇಲೆ ಹೆಸರು, ಕಡೆಗೆ '(ನಿವೃತ್ತ)'. ಒಟ್ಟಾಗಿ ಹೇಳುವಾಗ 'ಮಾಜಿ ಸೈನಿಕರು' ಸರಿಯಾದ ಪದ, ಮೂರು ಸೇನೆಯವರಿಗೂ ಸಲ್ಲುತ್ತದೆ. ಕೆಲವು ಜೆಸಿಒಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಸಿಕ್ಕಿರುತ್ತದೆ. 1987ರಲ್ಲಿ ಸಿಯಾಚಿನ್‌ನಲ್ಲಿ ಹೋರಾಡಿದಾಗ ನಾಯಬ್ ಸುಬೇದಾರ್ ಆಗಿದ್ದ ಬಾನಾ ಸಿಂಗ್ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು. ಕನ್ನಡದಲ್ಲಿ 'ಗೌರವ ಡಾಕ್ಟರೇಟ್' ಇರುವ ಹಾಗೆ 'ಗೌರವ ಕ್ಯಾಪ್ಟನ್' ಸಲೀಸಾಗಿ ನಿಲ್ಲುತ್ತದೆ. ಆ ಪದವಿ ಇದ್ದರೆ ಕೇಳಿ ತಿಳಿದು ಬರೆಯಲೇಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು. ಪತ್ರಿಕೆಗಳು 'ಯೋಧೆ' ಅಂತ ಬರೆಯುತ್ತವೆ. ಹುದ್ದೆಗೆ ಹೆಣ್ಣು ಗಂಡು ಇಲ್ಲ, 'ಲ್ಯಾನ್ಸ್ ನಾಯ್ಕ್' ಬರೆದು 'ಅವರು' ಸೇರಿಸಿದರೆ ಮುಗಿಯಿತು ಅಂತ ನನಗನ್ನಿಸುತ್ತದೆ. ಆದರೆ 'ಮಹಿಳಾ ಸೈನಿಕರು', 'ಯೋಧೆಯರು' ಇವೆರಡರಲ್ಲಿ ಯಾವುದನ್ನು ನೀವು ಒಪ್ಪುತ್ತೀರಿ?

ಇನ್ನೆರಡು ವಿಷಯಕ್ಕೂ ತಿಳಿದವರು ಉತ್ತರಿಸಬೇಕು. ಚೀಫ್ ಪೆಟ್ಟಿ ಆಫೀಸರ್, ವಾರಂಟ್ ಆಫೀಸರ್ ಇವರನ್ನು ಕನ್ನಡ ಸಭೆಯಲ್ಲಿ ಕರೆಯುವಾಗ ಭೂಸೇನೆಯ 'ಸಾಹೇಬರು' ಹೊಂದುತ್ತದೆಯೇ, ಅಥವಾ ಅವರ ನಡುವೆ ನಡೆಯುವ 'ಸರ್' ಅನ್ನೇ ಉಳಿಸಿಕೊಳ್ಳಬೇಕೇ? ಹಾಗೇ ಪಾವಗಡ, ಮಧುಗಿರಿ, ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ನಿಮ್ಮ ಊರಿನ ಹಿರಿಯ ಮಾಜಿ ಸೈನಿಕರನ್ನು ಜನ ಹೇಗೆ ಕರೆಯುತ್ತಿದ್ದರು ಅಂತ ಬರೆಯಿರಿ. 'ಸುಬೇದಾರ್ರು', 'ಸುಬೇದಾರರು' ಎರಡನ್ನೂ ಕೇಳಿದ್ದೇನೆ. ಪತ್ರಿಕೆಯಲ್ಲಿ ಎರಡನೆಯದನ್ನೇ ಹಾಕಲಿದ್ದೇನೆ, ಬೇಡ ಅನ್ನುವುದಾದರೆ ಅಚ್ಚಿಗೆ ಹೋಗುವ ಮೊದಲು ತಿಳಿಸಿ.