ಉಳ್ಳಾಗಡ್ಡಿ ತಿಂದ ಆಕಳು, ಕೆಂಪು ಉಚ್ಚೆ: ಕಂಡವರು ಹೇಳಿ

ನರಗುಂದ ಕಡೆಯಿಂದ ಕೇಳುತ್ತಿದ್ದೇನೆ. ರೇಟು ಬಿದ್ದು ಉಳ್ಳಾಗಡ್ಡಿ ಹೊಲದಲ್ಲೇ ಉಳಿಯಿತು. ಸುಮ್ನೆ ಕೊಳೆಯುತ್ತದಲ್ಲ ಅಂತ ಆಕಳ ಮುಂದೆ ಸುರಿದೆವು. ಆರನೇ ದಿನ ಉಚ್ಚೆ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಡಾಕ್ಟರು ರಕ್ತ ನೋಡಿಸಿ ‘ಹೈಂಜ್ ಬಾಡಿ’ ಇದೆ ಎಂದರು. ಏನಿದು? ಆಕಳು ಉಳಿಯುತ್ತಾ?

ಅಣ್ಣಿಗೇರಿಯಿಂದ:
ನಮ್ಮಲ್ಲೂ ಇದೇ ಆಗಿತ್ತು. ಎರಡು ಆಕಳು, ಒಂದು ಎತ್ತು. ಮೊದಲು ಉಣ್ಣಿ ಜ್ವರ (ಮೈಗೆ ಹತ್ತುವ ಉಣ್ಣಿ ಹುಳ ಕಚ್ಚಿ ಬರುವುದು) ಅಂದುಕೊಂಡೆವು, ಅದರಲ್ಲೂ ಉಚ್ಚೆ ಕೆಂಪಾಗುತ್ತದೆ ಅಲ್ವಾ? ಆದರೆ ಮೈ ಬಿಸಿ ಇರಲಿಲ್ಲ. ಉಸಿರಿನ ಹತ್ತಿರ ಹೋದರೆ ಉಳ್ಳಾಗಡ್ಡಿ ವಾಸನೆ, ಹಾಲಿಗೂ ಅದೇ ವಾಸನೆ. ಕಣ್ಣಿನ ಒಳಗಿನ ಪದರ ಸುಣ್ಣದಂತೆ ಬಿಳಿಚಿತ್ತು. ಎತ್ತು ಆಸೆಬುರುಕ, ಎಲ್ಲಕ್ಕಿಂತ ಜಾಸ್ತಿ ತಿಂದದ್ದು ಅದೇ, ಕಷ್ಟಪಟ್ಟದ್ದೂ ಅದೇ. ನಾಲ್ಕು ಹೆಜ್ಜೆಗೆ ಏದುಸಿರು. ಇದಕ್ಕೆ ನೇರ ಮದ್ದಿಲ್ಲ ಎಂದರು ಡಾಕ್ಟರು. ಉಳ್ಳಾಗಡ್ಡಿ ಪೂರ್ತಿ ನಿಲ್ಲಿಸಿ, ಕಣಿಕೆ, ನೀರು, ನೆರಳು. ನೊಗ ಹೂಡಲೇಬೇಡಿ, ಓಡಿಸಬೇಡಿ. ತೀರಾ ರಕ್ತ ಇಳಿದರೆ ಬೇರೆ ದನದ ರಕ್ತ ಕೊಡಬೇಕಾಗುತ್ತದಂತೆ. ನಮಗೆ ಅಷ್ಟು ದೂರ ಹೋಗಲಿಲ್ಲ, ಮೂರೂ ಉಳಿದವು. ಎತ್ತು ಮಾತ್ರ ಆ ಹಂಗಾಮಿಗೆ ಕೆಲಸಕ್ಕೆ ಬರಲಿಲ್ಲ.

ಧಾರವಾಡದಿಂದ (ಲ್ಯಾಬ್ ಕೆಲಸ):
ಉಳ್ಳಾಗಡ್ಡಿಯ ಗಂಧಕದ ಅಂಶ ಹೊಟ್ಟೆಯಲ್ಲಿ ಒಡೆದು ರಕ್ತ ಸೇರುತ್ತದೆ. ಅಲ್ಲಿ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಕೆಡುತ್ತದೆ. ಹಾಲು ಒಡೆದು ಗಂಟಾಗುತ್ತದಲ್ಲ, ಹಾಗೆ ಗಂಟು ಕಟ್ಟಿ ಕಣದ ಒಳಗೋಡೆಗೆ ಅಂಟುತ್ತದೆ. ಆ ಗಂಟೇ ಹೈಂಜ್ ಬಾಡಿ. 1890ರಲ್ಲಿ ರಾಬರ್ಟ್ ಹೈಂಜ್ ಎಂಬ ಜರ್ಮನ್ ವೈದ್ಯರು ಬರೆದಿಟ್ಟದ್ದು. ಇಂಥ ಕಣಗಳನ್ನು ಗುಲ್ಮ (ಹೊಟ್ಟೆಯೊಳಗಿನ ಸ್ಪ್ಲೀನ್) ಹಿಡಿದು ಒಡೆಯುತ್ತದೆ, ಕೆಲವು ರಕ್ತನಾಳದಲ್ಲೇ ಒಡೆಯುತ್ತವೆ. ಬಣ್ಣ ಉಚ್ಚೆಗೆ ಇಳಿಯುತ್ತದೆ. ತಿಂದ ಕೂಡಲೇ ಕಾಣದೆ ಕೆಲವು ದಿನ ಬಿಟ್ಟು ಕಾಣುವುದು ಇದಕ್ಕೇ.

ಸಾಮಾನ್ಯ ಸ್ಲೈಡಿನಲ್ಲಿ ಇವು ಸರಿಯಾಗಿ ಕಾಣುವುದಿಲ್ಲ. ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿ ಎಂದು ಬಾಯಿಬಿಟ್ಟು ಕೇಳಬೇಕು. ನಿಮ್ಮ ಡಾಕ್ಟರು ನೋಡಿಸಿದ್ದಾರೆ, ಪುಣ್ಯ. ಮನೆಯಲ್ಲೂ ಒಂದು ಪರೀಕ್ಷೆ ಇದೆ. ಉಚ್ಚೆಯನ್ನು ಗಾಜಿನ ಲೋಟದಲ್ಲಿ ಅಲುಗಾಡಿಸದೆ ಇಡಿ. ಕೆಂಪು ತಳಕ್ಕೆ ಇಳಿದರೆ ಎಲ್ಲೋ ರಕ್ತ ಸೋರುತ್ತಿದೆ. ಲೋಟದ ತುಂಬ ಒಂದೇ ಬಣ್ಣ ನಿಂತರೆ ಕಣ ಒಡೆದದ್ದೇ ಇರಬಹುದು. ಉಣ್ಣಿ ಜ್ವರದಲ್ಲೂ ಹೀಗೇ ನಿಲ್ಲುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಹುಬ್ಬಳ್ಳಿಯಿಂದ:
ದನದ ಅನುಭವ ನನಗಿಲ್ಲ, ನಾಯಿಯದು ಇದೆ. ಗಿರ್ಮಿಟ್ ಮೇಲಿನ ಹಸಿ ಉಳ್ಳಾಗಡ್ಡಿ ದಿನಾ ಸಂಜೆ ನಮ್ಮ ನಾಯಿಗೂ ಪಾಲು. ಒಂದಿನ ಅಡುಗೆಮನೆಯ ಬುಟ್ಟಿಗೇ ಬಾಯಿ ಹಾಕಿತು, ಮೂರನೇ ದಿನ ಮಲಗಿಬಿಟ್ಟಿತು. ಒಂದು ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಸಾಕು ನಾಯಿಯ ರಕ್ತ ಕೆಡಲು. ಬೆಕ್ಕಿಗೆ 5 ಗ್ರಾಂ. ಬೇಯಿಸಿದರೂ ವಿಷ ಹೋಗುವುದಿಲ್ಲ, ಬೆಳ್ಳುಳ್ಳಿಯೂ ಅದೇ ಜಾತಿ. ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟೀರಿ, ಅದೂ ಹೀಗೇ ರಕ್ತ ಕೆಡಿಸುತ್ತದೆ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಹಾವೇರಿಯಿಂದ:
ಕುರಿಗೆ ಹಾಕಿ, ದನಕ್ಕಿಂತ ಜಾಸ್ತಿ ತಡೆಯುತ್ತವೆ. ಅವಕ್ಕೂ ಮಿತಿ ಇದೆ ಮತ್ತೆ. ದನಕ್ಕೆ ಹಾಕಲೇಬೇಕೆಂದರೆ ಹೆಚ್ಚಿ ಹೊಟ್ಟಿನಲ್ಲಿ ಕಲಸಿ. ತೇವ ಕಳೆದ ಲೆಕ್ಕದಲ್ಲಿ ಮೇವಿನ ಕಾಲು ಭಾಗ ದಾಟಬಾರದು. ರಾಶಿ ಸುರಿದು ಬಿಟ್ಟರೆ ದೊಡ್ಡ ದನ ಉಳಿದವನ್ನು ಗುಮ್ಮಿ ತಾನೇ ಎಲ್ಲ ತಿನ್ನುತ್ತದೆ.

ಕೇಳಿದವರು:
ಲೋಟದಲ್ಲಿ ಇಟ್ಟು ನೋಡಿದೆ, ಬಣ್ಣ ತಳಕ್ಕೆ ಇಳಿಯಲಿಲ್ಲ. ಆಕಳು ಇವತ್ತು ಎರಡು ಹಿಡಿ ಕಣಿಕೆ ತಿಂದಿದೆ. ರಾಶಿಯ ಸುತ್ತ ಜಾಲಿ ಮುಳ್ಳು ಹಚ್ಚಿದ್ದೇನೆ. ನಾಳೆ ಡಾಕ್ಟರು ಮತ್ತೆ ಬರುತ್ತಾರೆ.